ಅಘನಾಶಿನಿಯ ಅಳಿವೆಯಲ್ಲಿ ಒಡ್ಡು, ಕಾಂಡ್ಲಾ, ಕಗ್ಗ

ಭತ್ತದ ಗದ್ದೆಗೆ ಸಮುದ್ರದ ನೀರು ನುಗ್ಗಿತು ಅಂದರೆ ಬೇರೆ ಊರಿನ ರೈತ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ಕೊಯ್ಲು ಮುಗಿದ ಮೇಲೆ ರೈತರೇ ತೂಬಿನ ಹಲಗೆ ಎತ್ತುತ್ತಾರೆ. ಭರತದ ನೀರು ಗದ್ದೆಗೆ ಹರಿದು ಬರುತ್ತದೆ. ಅದರ ಜೊತೆ ಮೀನಿನ ಮರಿ, ಸಿಗಡಿ ಮರಿ, ಏಡಿ ಎಲ್ಲ ಬರುತ್ತವೆ. ಮಳೆಗಾಲದಲ್ಲಿ ಭತ್ತ ಬೆಳೆದ ನೆಲ ಬೇಸಿಗೆ ಮುಗಿಯುವ ತನಕ ಮೀನು ಬೆಳೆಯುತ್ತದೆ.

ಇಂಥ ಗದ್ದೆಗೆ ಅಲ್ಲಿ ಗಜನಿ ಅನ್ನುತ್ತಾರೆ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಎರಡೂ ದಡದಲ್ಲಿ ಗಜನಿಗಳಿವೆ. ಒಂದು ಕಾಲಕ್ಕೆ ಅವುಗಳ ಸುತ್ತ ಮಣ್ಣಿನ ಒಡ್ಡು, ಒಡ್ಡಿನಾಚೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಅದರಾಚೆ ಬಳಚು ಅನ್ನುವ ತಿನ್ನುವ ಚಿಪ್ಪಿ ಸಿಗುವ ಕೆಸರುಬಯಲು ಇತ್ತು. ಮೂವತ್ತು ನಲವತ್ತು ವರ್ಷದಲ್ಲಿ ಇದು ಬಹಳಷ್ಟು ಕೆಟ್ಟಿತು. ಆಮೇಲೆ ಸರಿ ಮಾಡುವ ಕೆಲಸ ಶುರುವಾಯಿತು. ಇಲಾಖೆಯವರು ಬಂದರು, ವಿಜ್ಞಾನಿಗಳು ಬಂದರು, ಸಂಘಗಳು ಬಂದವು. ಕೆಲವು ಕಡೆ ಕೆಲಸ ಕೈ ಹಿಡಿಯಿತು, ಕೆಲವು ಕಡೆ ಇಲ್ಲ. ಯಾಕೆ ಹೀಗಾಯಿತು ಅಂತ ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಗಿಡ ನೆಡುವುದು ಈ ಕೆಲಸದ ಸುಲಭದ ಭಾಗ. ಉಪ್ಪುನೀರು, ಸಿಹಿನೀರು ಎರಡೂ ಸರಿಯಾದ ಹೊತ್ತಿಗೆ ಓಡಾಡುವಂತೆ ಮಾಡುವುದು ಕಷ್ಟ. ಆ ನೀರನ್ನು ಯಾವಾಗ ಬಿಡಬೇಕು, ಯಾವಾಗ ತಡೀಬೇಕು ಅಂತ ಊರವರು ಸೇರಿ ತೀರ್ಮಾನ ಮಾಡುವುದು ಅದಕ್ಕಿಂತ ಕಷ್ಟ. ಅಘನಾಶಿನಿಯಲ್ಲಿ ಗೆದ್ದದ್ದು, ಸೋತದ್ದು ಎರಡೂ ಇಲ್ಲೇ.

ತಡೆ ಇಲ್ಲದ ನದಿ

ಅಘನಾಶಿನಿ ಹುಟ್ಟುವುದು ಶಿರಸಿ ಕಡೆ. ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಘಟ್ಟ ಇಳಿದು, ದೀವಗಿ, ಮಿರ್ಜಾನ್ ದಾಟಿ, ಒಟ್ಟು ಸುಮಾರು 120 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಅಳಿವೆಯ ಬಾಯಿಯ ಒಂದು ದಡದಲ್ಲಿ ತದಡಿ, ಇನ್ನೊಂದು ದಡದಲ್ಲಿ ಅಘನಾಶಿನಿ ಅನ್ನುವ ಊರು. ನಡುವೆ ಐಗಳ ಕುರ್ವೆಯಂಥ ನಡುಗಡ್ಡೆಗಳು. ಕುರ್ವೆ ಅಂದರೆ ಅಲ್ಲಿಯ ಮಾತಿನಲ್ಲಿ ನೀರು ಸುತ್ತಿಕೊಂಡ ನೆಲ.

ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಇದು ಸಣ್ಣ ಸಂಗತಿಯಲ್ಲ. ಪಕ್ಕದ ಕಾಳಿ, ಶರಾವತಿ ಎರಡಕ್ಕೂ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದ್ದಾರೆ. ವಿದ್ಯುತ್ ಮಾಡಿದ ನೀರು ವರ್ಷವಿಡೀ ಕೆಳಕ್ಕೆ ಬರುತ್ತಲೇ ಇರುತ್ತದೆ. ಇದರಿಂದ ಬೇಸಿಗೆಯಲ್ಲಿ ಅಳಿವೆಗೆ ಏರಬೇಕಾದಷ್ಟು ಉಪ್ಪು ಏರುವುದಿಲ್ಲ. ಶರಾವತಿಯ ಅಳಿವೆಯಲ್ಲಿ ಒಂದು ಕಾಲಕ್ಕೆ ಹೇರಳವಾಗಿದ್ದ ತಿನ್ನುವ ಚಿಪ್ಪಿಗಳು ಬಹಳ ಕಡಿಮೆಯಾಗಿದ್ದಕ್ಕೆ ಇದು ದೊಡ್ಡ ಕಾರಣ ಅಂತ ಅಧ್ಯಯನ ಮಾಡಿದವರು ಹೇಳುತ್ತಾರೆ. ಅಘನಾಶಿನಿಯಲ್ಲಿ ಮಳೆಗಾಲಕ್ಕೆ ನೀರು ಪೂರ್ತಿ ಸಿಹಿಯಾಗುತ್ತದೆ, ಬೇಸಿಗೆಗೆ ಸಮುದ್ರದಷ್ಟೇ ಉಪ್ಪಾಗುತ್ತದೆ. ಇಲ್ಲಿಯ ಬಳಚು, ಕಾಂಡ್ಲಾ, ಗಜನಿಯ ಭತ್ತದ ತಳಿಯಾದ ಕಗ್ಗ ಮೂರೂ ಈ ಏರಿಳಿತಕ್ಕೆ ಒಗ್ಗಿಕೊಂಡೇ ಬಂದವು.

ಗಜನಿ ನಡೆಯುತ್ತಿದ್ದ ಬಗೆ

ಕಗ್ಗ ಭತ್ತವನ್ನು ಕೈಯಲ್ಲಿ ಹಿಡಿದು ನೋಡಿದರೆ ವಿಶೇಷ ಏನೂ ಕಾಣಿಸುವುದಿಲ್ಲ. ಅಕ್ಕಿ ಕೆಂಪು, ಸ್ವಲ್ಪ ದಪ್ಪ. ಪೈರು ಮಾತ್ರ ಎತ್ತರ, ಎದೆ ಮಟ್ಟಕ್ಕೆ ಬರುತ್ತದೆ. ಮಳೆಗಾಲದಲ್ಲಿ ನೆರೆ ಬಂದು ಗದ್ದೆ ಕೆಲವು ದಿನ ಮುಳುಗಿದರೂ ತಡೆದುಕೊಳ್ಳುತ್ತದೆ. ನೀರಿನಲ್ಲಿ ಸ್ವಲ್ಪ ಉಪ್ಪಿದ್ದರೂ ಸಾಯುವುದಿಲ್ಲ. ಗೊಬ್ಬರ ಬೇಡ, ಔಷಧಿ ಬೇಡ. ಕೇರಳದ ಪೊಕ್ಕಾಳಿ, ಗೋವಾದ ಖಜಾನ್ ಗದ್ದೆಗಳ ಕೊರ್ಗುಟ್ ಇದರ ನೆಂಟರು. ಪಶ್ಚಿಮ ಕರಾವಳಿಯ ಉದ್ದಕ್ಕೂ ಉಪ್ಪುನೆಲದ ರೈತರು ಹೆಚ್ಚುಕಮ್ಮಿ ಒಂದೇ ದಾರಿ ಕಂಡುಕೊಂಡಿದ್ದಾರೆ.

ಬೇಸಿಗೆ ಮುಗಿಯುವ ಹೊತ್ತಿಗೆ ಇಳಿತದಲ್ಲಿ ನೀರು ಹೊರಗೆ ಬಿಟ್ಟು ತೂಬು ಮುಚ್ಚುತ್ತಾರೆ. ಗದ್ದೆ ಒಣಗುತ್ತದೆ, ಮೇಲೆ ಉಪ್ಪು ಬೆಳ್ಳಗೆ ಕಾಣುತ್ತದೆ. ಜೂನ್‌ನ ಮೊದಲ ಮಳೆಗಳು ಆ ಉಪ್ಪನ್ನು ತೊಳೆಯುತ್ತವೆ. ತೊಳೆದ ನೀರನ್ನು ಮತ್ತೆ ಇಳಿತ ನೋಡಿ ಹೊರಕ್ಕೆ ಬಿಡಬೇಕು. ಆಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಇಲ್ಲಿ ಒಂದು ವಾರ ಹೆಚ್ಚುಕಡಿಮೆಯಾದರೂ ಕೆಲಸ ಕೆಡುತ್ತದೆ. ಬೇಗ ಬಿತ್ತಿದರೆ ಉಪ್ಪು ಮೊಳಕೆಯನ್ನು ಸುಡುತ್ತದೆ. ತಡವಾದರೆ ಎಳೆ ಪೈರು ನೆರೆಗೆ ಸಿಗುತ್ತದೆ. ತಿಥಿ ನೋಡಿ ಭರತ ಇಳಿತದ ಲೆಕ್ಕ ಹಾಕುವುದು ಇಲ್ಲಿಯ ಹಿರಿಯರಿಗೆ ಬಾಯಿಪಾಠ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಎರಡೂ ಕಮ್ಮಿ.

ಕೊಯ್ಲಾದ ಮೇಲೆ ಉಳಿದ ಕೂಳೆ, ಹುಲ್ಲು ಗದ್ದೆಯಲ್ಲೇ ಕೊಳೆಯುತ್ತದೆ. ಅದನ್ನು ತಿಂದು ಸಣ್ಣ ಜೀವಿಗಳು ಬೆಳೆಯುತ್ತವೆ, ಅವನ್ನು ತಿಂದು ಸಿಗಡಿ, ಕಾಣೆ, ಏಡಿ ಬೆಳೆಯುತ್ತವೆ. ಮೀನಿನ ಸಗಣಿ ಮುಂದಿನ ಭತ್ತಕ್ಕೆ ಗೊಬ್ಬರ. ಹೊರಗಿಂದ ಮೇವೂ ಬೇಡ, ಗೊಬ್ಬರವೂ ಬೇಡ.

ಇಡೀ ಗಜನಿಗೆ ಸುತ್ತ ಒಡ್ಡು ಒಂದೇ. ಒಳಗೆ ಹತ್ತಾರು ಮನೆಯವರ ಗದ್ದೆಗಳು. ಒಬ್ಬನೇ ತನ್ನ ಗದ್ದೆಗೆ ನೀರು ಬಿಡಲಾರ, ಒಬ್ಬನೇ ತಡೆಯಲಾರ. ಹಾಗಾಗಿ ಬಿತ್ತನೆ ಎಲ್ಲರದ್ದೂ ಒಟ್ಟಿಗೆ, ಕೊಯ್ಲು ಒಟ್ಟಿಗೆ. ಒಡ್ಡಿಗೆ ಮಣ್ಣು ಹಾಕುವುದು ಎಲ್ಲರ ಕೆಲಸ. ತೂಬು ಕಾಯಲು ಒಬ್ಬ ಬೇಕು, ಅವನಿಗೆ ಕೊಡುವ ಪಾಲನ್ನು ಎಲ್ಲರೂ ಸೇರಿ ಕೊಡಬೇಕು. ಮೀನಿನ ಹಕ್ಕನ್ನು ಹರಾಜು ಹಾಕಿ ಬಂದ ಹಣವನ್ನು ಹಂಚಿಕೊಳ್ಳುವ ಪದ್ಧತಿ ಇತ್ತು. ಊರಲ್ಲಿ ಜಗಳ ಇರಲಿಲ್ಲ ಅಂತಲ್ಲ. ಎಷ್ಟೇ ಜಗಳವಿದ್ದರೂ ತೂಬಿನ ವಿಷಯಕ್ಕೆ ಒಂದು ಮಾತಿಗೆ ಬರಲೇಬೇಕಿತ್ತು.

ಕಾಂಡ್ಲಾ ಗಿಡಗಳಿಗೆ ಇದರಲ್ಲಿ ದೊಡ್ಡ ಜಾಗ ಇತ್ತು. ಮಣ್ಣಿನ ಒಡ್ಡನ್ನು ಅಲೆ ಕೊರೆಯದಂತೆ ಹೊರಗೆ ಕಾಂಡ್ಲಾ ಸಾಲು ನಿಂತಿರಬೇಕು. ಅದರ ಬೇರುಗಳು ಅಲೆಯ ಹೊಡೆತ ತಗ್ಗಿಸುತ್ತವೆ, ಕೆಸರನ್ನು ಹಿಡಿದಿಡುತ್ತವೆ. ಹಾಗಾಗಿ ಒಡ್ಡಿನ ಬುಡದ ಕಾಂಡ್ಲಾವನ್ನು ಯಾರೂ ಸುಮ್ನೆ ಕಡಿಯುತ್ತಿರಲಿಲ್ಲ. ಕಡಿದರೆ ತನ್ನದೇ ಗದ್ದೆ ಹೋಗುತ್ತದೆ ಅಂತ ಗೊತ್ತಿತ್ತು. ಕಾನೂನಿನ ಕಾವಲಿಗಿಂತ ಇದು ಗಟ್ಟಿ ಕಾವಲು.

ಕೆಟ್ಟದ್ದು ಒಳ್ಳೆಯದು ಮಾಡಲು ಹೋಗಿ

1970ರ ದಶಕದಲ್ಲಿ ಸರ್ಕಾರ ಗಜನಿಗಳಿಗೆ ಕಲ್ಲಿನ ಪಕ್ಕಾ ಒಡ್ಡು ಕಟ್ಟಿಸಲು ಹೊರಟಿತು. ಖಾರ್‌ಲ್ಯಾಂಡ್ ಒಡ್ಡು ಅಂತ ಕರೆಯುವುದು ಇದನ್ನೇ. ಖಾರ್ ಅಂದರೆ ಉಪ್ಪುನೆಲ. ಉದ್ದೇಶ ಚೆನ್ನಾಗಿತ್ತು. ವರ್ಷ ವರ್ಷ ಮಣ್ಣು ಹಾಕುವ ಕಷ್ಟ ತಪ್ಪುತ್ತದೆ, ಉಪ್ಪುನೀರು ನುಗ್ಗುವುದು ನಿಲ್ಲುತ್ತದೆ, ಬೆಳೆ ಭದ್ರ ಅನ್ನುವುದು ಲೆಕ್ಕ.

ಆದದ್ದು ಬೇರೆ. ಕಲ್ಲಿನ ಒಡ್ಡು ಬಂದ ಮೇಲೆ ಕಾಂಡ್ಲಾ ಬೇಡವಾಯಿತು. ಸೌದೆಗೆ ಅಂತ ಕಡಿದರು, ಕೇಳುವವರಿರಲಿಲ್ಲ. ಒಡ್ಡು ಊರವರ ಕೈಯಿಂದ ಸರ್ಕಾರದ ಕೈಗೆ ಹೋಯಿತು. ಮೊದಲು ಒಡ್ಡು ಒಡೆದರೆ ಅದೇ ದಿನ ಬುಟ್ಟಿ, ಗುದ್ದಲಿ ಹಿಡಿದು ಜನ ಸೇರುತ್ತಿದ್ದರು. ಈಗ ಒಡೆದರೆ ಅರ್ಜಿ ಬರೆದು, ಅನುದಾನ ಬರುವುದನ್ನು ಕಾಯಬೇಕು. ಅಷ್ಟರಲ್ಲಿ ಒಂದು ಬೆಳೆ ಹೋಗಿರುತ್ತದೆ. ಒಂದು ವರ್ಷ ಬಿತ್ತದ ಗದ್ದೆಯನ್ನು ಎರಡನೇ ವರ್ಷ ಬಿತ್ತುವ ಉತ್ಸಾಹ ಇರುವುದಿಲ್ಲ.

ಆಮೇಲೆ ಸಿಗಡಿ ಕೃಷಿ ಬಂತು. 1990ರ ದಶಕದ ಮೊದಲ ಭಾಗದಲ್ಲಿ ಸಿಗಡಿಗೆ ಒಳ್ಳೆ ಬೆಲೆ. ಹೊರಗಿನ ಗುತ್ತಿಗೆದಾರರು ಗಜನಿಗಳನ್ನು ಗೇಣಿಗೆ ತೆಗೆದುಕೊಂಡರು. ಭತ್ತದಲ್ಲಿ ಬಾರದ ಹಣ ಕೂತಲ್ಲೇ ಬಂದರೆ ಯಾರು ಬೇಡ ಅನ್ನುತ್ತಾರೆ? ಅದಕ್ಕೆ ರೈತರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಸಿಗಡಿಗೆ ಮಳೆಗಾಲದಲ್ಲೂ ಉಪ್ಪುನೀರು ಬೇಕು. ಭತ್ತಕ್ಕೆ ಆಗ ಸಿಹಿನೀರು ಬೇಕು. ಒಂದೇ ಒಡ್ಡಿನೊಳಗೆ ಎರಡೂ ನಡೆಯುವುದಿಲ್ಲ. ಕೆಲವರು ಗೇಣಿಗೆ ಕೊಟ್ಟರೆ ಉಳಿದವರೂ ಕೊಡಲೇಬೇಕಾಯಿತು. ತೂಬಿನ ಹಲಗೆ ಗುತ್ತಿಗೆದಾರನ ಕೈಗೆ ಹೋಯಿತು.

1994ರ ಹೊತ್ತಿಗೆ ಸಿಗಡಿಯ ಬಿಳಿಚುಕ್ಕೆ ರೋಗ ದೇಶದ ಕರಾವಳಿಗೆ ಕಾಲಿಟ್ಟಿತು. ಒಂದು ಕೆರೆಗೆ ಬಂದರೆ ಕೆಲವೇ ದಿನದಲ್ಲಿ ಎಲ್ಲ ಸತ್ತು ತೇಲುವ ರೋಗ ಅದು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ಪದ್ಧತಿ ಬಿಟ್ಟು ಉಳಿದ ಸಿಗಡಿ ಕೆರೆಗಳನ್ನು ತೆಗೆಯಬೇಕು ಅಂತ ತೀರ್ಪು ಕೊಟ್ಟಿತು. ರೋಗಕ್ಕೆ ಸೋತ ಗುತ್ತಿಗೆದಾರರು ಬಿಟ್ಟುಹೋದರು. ಉಳಿದದ್ದು ಉಪ್ಪು ತುಂಬಿದ ಗದ್ದೆ, ಸೋರುವ ತೂಬು, ಬೀಜ ಇಲ್ಲದ ಮನೆಗಳು. ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವುದಲ್ಲ. ಕೆಲವು ವರ್ಷ ಬಿತ್ತದಿದ್ದರೆ ಆ ಊರಿನಿಂದ ಬೀಜವೇ ಹೋಗುತ್ತದೆ.

ಬಳಚಿಗೆ ಲೆಕ್ಕ ಸಿಕ್ಕಿದ್ದು

ಈ ನಡುವೆ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಮಾತು ಬಂತು. ಇದು 2000ದ ದಶಕದ ಸಂಗತಿ. ಅಳಿವೆಯ ಸುತ್ತಲಿನ ಜನ ವಿರೋಧಿಸಿದರು. ಆಗ ಎದ್ದ ಪ್ರಶ್ನೆ, ಈ ಕೆಸರುಬಯಲಿನಿಂದ ಯಾರಿಗೆ ಏನು ಲಾಭ ಅನ್ನುವುದು. ಕಡತದಲ್ಲಿ ನೋಡಿದರೆ ಅದು ಸುಮ್ನೆ ಬಿದ್ದಿರುವ ಜಾಗ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಶ್ಚಂದ್ರನ್ ಅವರ ತಂಡ ಅದಕ್ಕೆ ಲೆಕ್ಕ ಹಾಕಿತು. ಸುಭಾಶ್ಚಂದ್ರನ್ ಕುಮಟಾದಲ್ಲೇ ಪಾಠ ಮಾಡಿದ ಸಸ್ಯವಿಜ್ಞಾನಿ, ಈ ಅಳಿವೆ ಅವರಿಗೆ ಮನೆ ಅಂಗಳ ಇದ್ದ ಹಾಗೆ. 2008ರ ಅವರ ವರದಿಯ ಪ್ರಕಾರ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿ ತೆಗೆಯುತ್ತಿದ್ದರು. ಅದರ ಬೆಲೆ ಸುಮಾರು 5.78 ಕೋಟಿ ರೂಪಾಯಿ. ನೇರವಾಗಿ ಕೆಲಸ ಸಿಗುತ್ತಿದ್ದದ್ದು 2,300ಕ್ಕೂ ಹೆಚ್ಚು ಜನರಿಗೆ.

ಈ ಜನರಲ್ಲಿ ಹೆಂಗಸರು ಬಹಳ. ಇಳಿತದ ಹೊತ್ತಿಗೆ ಸೀರೆ ಎತ್ತಿ ಕಟ್ಟಿ, ಮೊಣಕಾಲಿನ ತನಕ ಕೆಸರಿನಲ್ಲಿ ನಡೆಯುತ್ತಾರೆ. ಬಳಚು ಇರುವುದು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ತಿಳಿಯುತ್ತದೆ. ಅಂಗಾಲಿಗೆ ಗಟ್ಟಿ ಸಿಕ್ಕಿದ ಕಡೆ ಬಗ್ಗಿ ಕೈ ಹಾಕಿ ಹೆಕ್ಕಿ ಬುಟ್ಟಿಗೆ ಹಾಕುತ್ತಾರೆ. ಆಳ ಇರುವಲ್ಲಿ ಗಂಡಸರು ದೋಣಿಯಿಂದ ಮುಳುಗಿ ತೆಗೆಯುತ್ತಾರೆ. ನೀರು ತಿರುಗುವ ಹೊತ್ತಿಗೆ ಎಲ್ಲರೂ ದಡ ಸೇರಬೇಕು. ಬಂಡವಾಳ ಅಂದರೆ ಒಂದು ಬುಟ್ಟಿ, ಎರಡು ಕೈ. ಗಂಡನ ಒಪ್ಪಿಗೆ, ಬ್ಯಾಂಕಿನ ಸಾಲ ಯಾವುದೂ ಬೇಡದ ದುಡಿಮೆ ಕರಾವಳಿಯಲ್ಲಿ ಎಷ್ಟಿದೆ ಹೇಳಿ?

ವಿದ್ಯುತ್ ಸ್ಥಾವರ ಬರಲಿಲ್ಲ. ಅದಕ್ಕೆ ಜನರ ಹೋರಾಟ ಮುಖ್ಯ ಕಾರಣ. ಈ ಲೆಕ್ಕ ಅವರ ಕೈಗೆ ಒಂದು ಹಿಡಿತ ಕೊಟ್ಟಿತು ಅಂತ ನಾನು ನಂಬುತ್ತೇನೆ. ಅಲ್ಲಿಯ ತನಕ ಬಳಚು ಹೆಕ್ಕುವುದನ್ನು ದುಡಿಮೆ ಅಂತ ಬರೆದಿಟ್ಟವರೇ ಕಡಿಮೆ.

ಕಾಂಡ್ಲಾ ನೆಟ್ಟದ್ದು, ನೆಡಬಾರದಲ್ಲಿ ನೆಟ್ಟದ್ದು

2004ರ ಸುನಾಮಿಯ ನಂತರ ಕಾಂಡ್ಲಾ ವನದ ಬಗ್ಗೆ ದೇಶದಲ್ಲೆಲ್ಲ ಮಾತು ಹೆಚ್ಚಿತು. ಹೊನ್ನಾವರ ಅರಣ್ಯ ವಿಭಾಗದವರು ಅಘನಾಶಿನಿಯ ದಡಗಳಲ್ಲಿ ವರ್ಷ ವರ್ಷ ಕಾಂಡ್ಲಾ ನೆಡಿಸಿದ್ದಾರೆ. ಬೀಜ ಹೆಕ್ಕುವವರು, ನೆಡುವವರು ಅಳಿವೆಯ ಊರವರೇ. ಇವತ್ತು ಅಳಿವೆಯಲ್ಲಿ ದೋಣಿ ಹತ್ತಿ ಹೋದರೆ ಕಣ್ಣಿಗೆ ಬೀಳುವ ಹಸಿರಿನಲ್ಲಿ ಆ ಕೈಗಳ ಕೆಲಸವೂ ಇದೆ.

ರೈಜೋಫೋರಾ ಜಾತಿಯ ಕಾಂಡ್ಲಾ ನೆಡುವುದನ್ನು ಹತ್ತಿರದಿಂದ ನೋಡಬೇಕು. ಈ ಮರದ ಬೀಜ ಮರದಲ್ಲಿ ಇರುವಾಗಲೇ ಮೊಳಕೆ ಒಡೆಯುತ್ತದೆ. ಮೊಳಕೆ ಕೆಳಮುಖವಾಗಿ ಉದ್ದ ಬೆಳೆದು ನುಗ್ಗೆಕಾಯಿಯ ಹಾಗೆ ನೇತಾಡುತ್ತದೆ. ಒಂದು ಮೊಳ, ಕೆಲವೊಮ್ಮೆ ಅದಕ್ಕೂ ಉದ್ದ. ಬಲಿತ ಮೇಲೆ ತಾನಾಗಿ ಉದುರುತ್ತದೆ. ಮಳೆಗಾಲದಲ್ಲಿ ಇಂಥ ಕೋಡುಗಳನ್ನು ಹೆಕ್ಕಿ ತರುತ್ತಾರೆ. ಹುಳ ಹೊಡೆದದ್ದು, ತುದಿ ಮುರಿದದ್ದು ಬಿಸಾಡಬೇಕು. ಒಳ್ಳೆಯದನ್ನು ಚೂಪು ತುದಿ ಕೆಳಗೆ ಮಾಡಿ ಕೆಸರಿಗೆ ಚುಚ್ಚಿದರೆ ಆಯಿತು. ಗುಂಡಿ ತೋಡುವುದಿಲ್ಲ, ನೀರು ಹಾಕುವುದಿಲ್ಲ. ಕೆಲವು ವಾರದಲ್ಲಿ ಮೇಲೆ ಎರಡು ಎಲೆ ಬಿಡುತ್ತದೆ. ಅವಿಸೆನ್ನಿಯಾ ಜಾತಿಯದ್ದು ಹೀಗಲ್ಲ. ಅದರ ಬೀಜ ಸಣ್ಣದು, ಚಪ್ಪಟೆ. ಅದನ್ನು ಚೀಲದಲ್ಲಿ ಸಸಿ ಮಾಡಿ ನೆಟ್ಟರೆ ಒಳ್ಳೆಯದು.

ರೈಜೋಫೋರಾ ನೆಡುವುದು ಇಷ್ಟು ಸುಲಭ ಇರುವುದೇ ಒಂದು ತೊಂದರೆ. ಸುಲಭ ಅಂತ ಎಲ್ಲ ಕಡೆ ಅದನ್ನೇ ನೆಡುತ್ತಾರೆ. ಅಳಿವೆಯಲ್ಲಿ ಕಾಂಡ್ಲಾ ಜಾತಿಗಳು ಹಲವು. ಒಂದೊಂದಕ್ಕೆ ಒಂದೊಂದು ಮಟ್ಟದ ನೆಲ ಬೇಕು, ಒಂದೊಂದು ಹದದ ಉಪ್ಪು ಬೇಕು. ನದಿಯ ಮೇಲುಭಾಗದಲ್ಲಿ, ಸಿಹಿನೀರು ಜಾಸ್ತಿ ಇರುವಲ್ಲಿ ಬೆಳೆಯುವುದು ಬೇರೆ ಜಾತಿ, ಬಾಯಿಯ ಹತ್ತಿರ ಬೆಳೆಯುವುದು ಬೇರೆ. ಒಂದೇ ಜಾತಿಯನ್ನು ಸಾಲಾಗಿ ನೆಟ್ಟರೆ ಹಸಿರೇನೋ ಕಾಣುತ್ತದೆ. ಅದು ಕಾಡಲ್ಲ, ತೋಟ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಮತ್ತು ಲೋಕದ ಬಹಳ ಕಡೆ ಆಗಿರುವಂಥದ್ದು. ಕಾಂಡ್ಲಾ ನೀರಿನ ಗಿಡ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅದು ದಿನದ ಹೆಚ್ಚು ಹೊತ್ತು ನೀರಿನಿಂದ ಹೊರಗೆ ಇರಬೇಕು. ಭರತದಲ್ಲಿ ಮುಳುಗಿ ಇಳಿತದಲ್ಲಿ ಬೇರು ಉಸಿರಾಡಬೇಕು. ದಡದ ಮೇಲುಮಟ್ಟದ ಜಾಗ ಯಾರದೋ ಗದ್ದೆ, ಯಾರದೋ ಕೆರೆ. ಅಲ್ಲಿ ನೆಡಲು ಬಿಡುವುದಿಲ್ಲ. ಕೆಳಗಿನ ಬಯಲು ಕೆಸರು ಯಾರದೂ ಅಲ್ಲ ಅಂತ ಅಲ್ಲಿ ನೆಡುತ್ತಾರೆ. ಫಿಲಿಪೀನ್ಸ್‌ನಲ್ಲಿ ಹೀಗೆ ನೆಟ್ಟ ಸಸಿಗಳಲ್ಲಿ ಬಹುಪಾಲು ಸತ್ತುಹೋದವು. ನೆಟ್ಟ ವರ್ಷದ ಫೋಟೊ ಚೆನ್ನಾಗಿ ಬರುತ್ತದೆ. ಮೂರನೇ ವರ್ಷಕ್ಕೆ ಕಡ್ಡಿಗಳ ಮೇಲೆ ಚಿಪ್ಪುಹುಳ ಅಂಟಿಕೊಂಡಿರುತ್ತದೆ, ಅಷ್ಟೇ.

ಅಘನಾಶಿನಿಯಲ್ಲಂತೂ ಆ ಕೆಳಗಿನ ಕೆಸರು ಯಾರದೂ ಅಲ್ಲ ಅನ್ನುವುದು ಸುಳ್ಳು. ಅದು ಬಳಚಿನ ಜಾಗ. ಅಲ್ಲಿ ಕಾಂಡ್ಲಾ ಬದುಕಿದರೆ ಬಳಚು ಹೆಕ್ಕುವವರಿಗೆ ನಷ್ಟ, ಸತ್ತರೆ ಖರ್ಚು ಮಾಡಿದವರಿಗೆ ನಷ್ಟ. ಚಳಿಗಾಲಕ್ಕೆ ದೂರದಿಂದ ಬರುವ ಹಕ್ಕಿಗಳು ಇಳಿತದಲ್ಲಿ ಮೇಯುವುದೂ ಆ ಬಯಲಿನಲ್ಲೇ. ಬಯಲು ಖಾಲಿ ಕಂಡರೂ ಖಾಲಿ ಅಲ್ಲ. ಒಂದು ಗಂಟೆ ಇಳಿತದಲ್ಲಿ ಬುಟ್ಟಿ ಹಿಡಿದ ಹೆಂಗಸರ ಜೊತೆ ನಡೆದರೆ ಎಲ್ಲಿ ನೆಡಬಾರದು ಅನ್ನುವ ನಕ್ಷೆ ಖರ್ಚಿಲ್ಲದೆ ಸಿಗುತ್ತದೆ. ಸಭೆ ಕರೆದರೆ ಅವರು ಬರುವುದು ಕಷ್ಟ, ಇಳಿತದ ಹೊತ್ತು ಸಭೆಗೆ ಕಾಯುವುದಿಲ್ಲ. ಸಭೆಯೇ ಇಳಿತ ನೋಡಿ ಸೇರಬೇಕು. ಸಮುದಾಯದ ಪಾಲ್ಗೊಳ್ಳುವಿಕೆ ಅನ್ನುವ ದೊಡ್ಡ ಮಾತಿಗೆ ಈ ಅಳಿವೆಯಲ್ಲಿ ಇದಕ್ಕಿಂತ ಸರಳ ಅರ್ಥ ನನಗೆ ಕಾಣುವುದಿಲ್ಲ.

ಹಾಗಾದರೆ ಎಲ್ಲಿ ನೆಡಬೇಕು? ಒಡ್ಡಿನ ಹೊರ ಬುಡದಲ್ಲಿ, ಕೊರೆಯುತ್ತಿರುವ ದಂಡೆಯಲ್ಲಿ, ಕುರ್ವೆಗಳ ಅಂಚಿನಲ್ಲಿ. ಅಂದರೆ ಹಿಂದಿನವರು ಬಿಟ್ಟುಕೊಂಡಿದ್ದ ಜಾಗದಲ್ಲೇ. ಅಲ್ಲಿ ಗಿಡ ಉಳಿದರೆ ಒಡ್ಡು ಉಳಿಯುತ್ತದೆ, ಒಡ್ಡು ಉಳಿದರೆ ಗದ್ದೆ ಉಳಿಯುತ್ತದೆ ಅಂತ ರೈತನಿಗೆ ತಿಳಿಯುತ್ತದೆ. ಅವನು ತಾನೇ ಕಾಯುತ್ತಾನೆ. ಕಾಂಡ್ಲಾಕ್ಕೆ ಕಾನೂನಿನ ರಕ್ಷಣೆಯೂ ಇದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಅತಿ ಕಟ್ಟುನಿಟ್ಟಿನ ವರ್ಗದಲ್ಲಿ ಅದು ಬರುತ್ತದೆ. ಆದರೆ ಇದೇ ಕಾನೂನಿನಿಂದ ರೈತನಿಗೆ ಒಂದು ಭಯವೂ ಇದೆ. ಕೆಲವು ವರ್ಷ ಬಿಟ್ಟ ಗಜನಿಯೊಳಗೆ ಕಾಂಡ್ಲಾ ತಾನಾಗಿ ಬಂದರೆ, ನಾಳೆ ಮತ್ತೆ ಭತ್ತ ಮಾಡುವೆ ಅಂದಾಗ ಆ ಗಿಡ ತೆಗೆಯಲು ಬಿಡುತ್ತಾರಾ? ಒಡ್ಡಿನ ಹೊರಗೆ ಕಾಂಡ್ಲಾ, ಒಳಗೆ ಕಗ್ಗ ಅನ್ನುವ ಹಳೇ ಗೆರೆಯನ್ನು ಕಾಗದದ ಮೇಲೂ ಎಳೆಯಬೇಕು. ಇಲ್ಲದಿದ್ದರೆ ರೈತ ಸಣ್ಣ ಸಸಿ ಕಂಡಾಗಲೇ ಕಿತ್ತು ಹಾಕುತ್ತಾನೆ.

ಮಾಣಿಕಟ್ಟಾದಲ್ಲಿ

ಹಲವು ಗಜನಿಗಳು ಭತ್ತ ಬಿಟ್ಟಾಗ ಮಾಣಿಕಟ್ಟಾದವರು ಬಿಡಲಿಲ್ಲ. ಕಗ್ಗ ಬೆಳೆಗಾರರ ಸಂಘ ಕಟ್ಟಿಕೊಂಡು ಒಟ್ಟಾಗಿ ಬೇಸಾಯ ಮಾಡಿದರು. ಬೀಜ ಉಳಿಸಿಕೊಂಡರು. ಬೇರೆ ಊರಿನವರಿಗೆ ಬೀಜ ಬೇಕು ಅಂದಾಗ ಹೋಗಿ ಕೇಳುವ ಜಾಗ ಇದು. ನನ್ನ ಪ್ರಕಾರ ಈ ಅಳಿವೆಯಲ್ಲಿ ನಡೆದ ಎಲ್ಲ ಪುನಶ್ಚೇತನದ ಕೆಲಸಗಳಲ್ಲಿ ದೊಡ್ಡದು ಇದೇ. ಯಾಕೆಂದರೆ ಇಲ್ಲಿ ಉಳಿದದ್ದು ಭತ್ತ ಮಾತ್ರ ಅಲ್ಲ. ಬಿತ್ತುವ ದಿನ, ತೂಬು ಎತ್ತುವ ದಿನ, ಮೀನಿನ ಪಾಲು, ಒಡ್ಡಿನ ಕೆಲಸ ಇವನ್ನೆಲ್ಲ ಕೂತು ತೀರ್ಮಾನಿಸುವ ರೂಢಿ ಉಳಿಯಿತು. ಒಮ್ಮೆ ಆ ರೂಢಿ ಹೋದರೆ ಅದನ್ನು ಯಾವ ಯೋಜನೆಯೂ ಮತ್ತೆ ತಂದುಕೊಡಲಾರದು.

ಕಷ್ಟಗಳು ಕಮ್ಮಿ ಇಲ್ಲ. ಕೆಸರು ಗದ್ದೆಯಲ್ಲಿ ಯಂತ್ರ ಇಳಿಯುವುದಿಲ್ಲ, ಎಲ್ಲ ಕೈಯಲ್ಲೇ ಆಗಬೇಕು. ಕೂಲಿ ದುಬಾರಿ, ಹುಡುಗರು ಗೋಕರ್ಣದ ಹೋಟೆಲು, ಗೋವಾ, ಬೆಂಗಳೂರು ಅಂತ ಹೋಗಿದ್ದಾರೆ. ಇನ್ನೊಂದು ಕಷ್ಟ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಅದು ಹಕ್ಕಿ. ಸುತ್ತಲ ಗಜನಿಗಳಲ್ಲೆಲ್ಲ ಭತ್ತ ಇದ್ದಾಗ ಹಕ್ಕಿಗಳು ಹಂಚಿಹೋಗುತ್ತಿದ್ದವು. ಎಲ್ಲ ಕಡೆ ಬಿಟ್ಟು ಒಂದೇ ಕಡೆ ಬಿತ್ತಿದರೆ ಎಲ್ಲ ಹಕ್ಕಿಗಳೂ ಅಲ್ಲಿಗೇ ಬರುತ್ತವೆ. ಹಕ್ಕಿಗಾಗಿ ಅಳಿವೆ ಉಳಿಸಬೇಕು ಅಂತ ನಾವು ಹೇಳುವಾಗ ಆ ಹಕ್ಕಿಗೆ ಯಾರ ಭತ್ತ ಹೋಗುತ್ತಿದೆ ಅಂತಲೂ ನೋಡಬೇಕು, ಅಲ್ವಾ? ಅಕ್ಕಪಕ್ಕದ ಇನ್ನೂ ನಾಲ್ಕು ಗಜನಿಗಳು ಭತ್ತಕ್ಕೆ ಮರಳಿದರೆ ಈ ತೊಂದರೆ ತಾನಾಗಿ ಹಗುರಾಗುತ್ತದೆ. ಒಂದು ಊರು ಒಂಟಿಯಾಗಿ ಎಷ್ಟು ದಿನ ಮಾಡೀತು?

ಕೆಂಪಕ್ಕಿಗೆ ಪೇಟೆಯಲ್ಲಿ ಈಗ ಗಿರಾಕಿ ಇದ್ದಾರೆ. ಗೊಬ್ಬರ, ಔಷಧಿ ಇಲ್ಲದ ಅಕ್ಕಿ ಅಂದರೆ ಬೆಂಗಳೂರಿನವರು ಕೇಳಿ ತರಿಸುತ್ತಾರೆ. ಕೇರಳದ ಪೊಕ್ಕಾಳಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿ ಹೆಸರು ಬಂತು. ಕಗ್ಗಕ್ಕೂ ಸರಿಯಾದ ಬೆಲೆ ಸಿಗಬೇಕು. ಅಕ್ಕಿಗೆ ಬೆಲೆ ಬಂದರೆ ತೂಬಿನ ಮಾತಿನಲ್ಲಿ ಭತ್ತದವರ ದನಿಗೆ ಬಲ ಬರುತ್ತದೆ.

ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ, ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಜೊತೆಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿದವು. ಅಲ್ಲಿಯ ತನಕ ಕರ್ನಾಟಕಕ್ಕೆ ಇದ್ದದ್ದು ರಂಗನತಿಟ್ಟು ಒಂದೇ. ಅಳಿವೆಯ 4,801 ಹೆಕ್ಟೇರ್ ಈ ಪಟ್ಟಿಯಲ್ಲಿದೆ. 66ಕ್ಕೂ ಹೆಚ್ಚು ಜಾತಿಯ ನೀರುಹಕ್ಕಿಗಳು, ಒಟ್ಟು 43,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಇಲ್ಲಿರುತ್ತವೆ ಅಂತ ದಾಖಲೆ ಹೇಳುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಸಾಲು. ಮೀನು, ಬೇಸಾಯ, ಬಳಚು, ಏಡಿ, ಗಜನಿಯ ಮೀನುಗಾರಿಕೆ, ಉಪ್ಪು ಇವುಗಳಿಂದ 6,000ದಿಂದ 7,500 ಕುಟುಂಬಗಳು ಬದುಕುತ್ತಿವೆ ಅಂತ ಅದೇ ದಾಖಲೆಯಲ್ಲಿದೆ. ಸಾಣಿಕಟ್ಟಾದ ಉಪ್ಪಿನ ಆಗರಗಳೂ ಈ ಅಳಿವೆಯ ನೀರಿನ ಮೇಲೇ ನಡೆಯುತ್ತವೆ. ಇಲ್ಲಿಯ ಮನುಷ್ಯರ ದುಡಿಮೆಯನ್ನು ಅಳಿವೆಯ ಭಾಗ ಅಂತಲೇ ಒಪ್ಪಿಕೊಂಡ ಹಾಗಾಯಿತು.

ಆದರೆ ಪಟ್ಟಿಯಲ್ಲಿರುವುದು ಕೆಳಗಿನ ಅಳಿವೆ. ಅದಕ್ಕೆ ಜೀವ ಬರುವುದು ಮೇಲಿನ ನದಿಯಿಂದ. ಈಗ ಅಘನಾಶಿನಿಯ ನೀರನ್ನು ಘಟ್ಟದ ಮೇಲಿನಿಂದಲೇ ಬಯಲುಸೀಮೆಯ ವೇದಾವತಿ ನದಿಯ ಕಡೆ ತಿರುಗಿಸುವ ಯೋಜನೆಯ ಮಾತು ನಡೆದಿದೆ, ಜಿಲ್ಲೆಯಲ್ಲಿ ದೊಡ್ಡ ವಿರೋಧವೂ ಇದೆ. ಸಮುದ್ರಕ್ಕೆ ಹೋಗಿ ವ್ಯರ್ಥವಾಗುವ ನೀರು ಅನ್ನುವ ಮಾತನ್ನು ಆಗಾಗ ಕೇಳುತ್ತೇವೆ. ಆ ನೀರು ಮಳೆಯ ಜೊತೆ ಸೇರಿ ಜೂನ್ ತಿಂಗಳಲ್ಲಿ ಗಜನಿಯ ಉಪ್ಪು ತೊಳೆಯುತ್ತದೆ. ಅದು ತೊಳೆಯದಿದ್ದರೆ ಕಗ್ಗ ಮೊಳೆಯುವುದಿಲ್ಲ. ಘಟ್ಟದ ಫಲವತ್ತಾದ ಮಣ್ಣನ್ನು ಕೆಸರುಬಯಲಿಗೆ ತಂದು ಹಾಕುವುದೂ ಅದೇ ನೀರು. ಬಳಚು ಬೆಳೆಯುವುದು ಆ ಕೆಸರಿನಲ್ಲಿ. ವ್ಯರ್ಥ ಆಗುವ ನೀರು ಯಾವುದು ಅಂತ ನನಗಂತೂ ಕಾಣಿಸುತ್ತಿಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ಕಾಂಡ್ಲಾ ಬೆಳೆಸಲೆಂದೇ ಮಿಷ್ಟಿ ಅನ್ನುವ ಯೋಜನೆ ತಂದಿದೆ. ಹಣ ಬರುವುದು ಒಳ್ಳೆಯದೇ. ಆದರೆ ಇಂಥ ಯೋಜನೆಗಳಲ್ಲಿ ಲೆಕ್ಕ ಹಾಕುವುದು ಎಷ್ಟು ಹೆಕ್ಟೇರ್ ನೆಟ್ಟಿರಿ ಅಂತ. ಎಷ್ಟು ತೂಬು ರಿಪೇರಿ ಮಾಡಿದಿರಿ, ಎಷ್ಟು ಗಜನಿಯಲ್ಲಿ ಮತ್ತೆ ಭತ್ತ ಬಿತ್ತಿದರು, ಬಳಚಿನ ಬಯಲು ಎಷ್ಟು ಉಳಿಯಿತು ಅಂತ ಕೇಳುವ ಕಾಲಂ ಇದ್ದರೆ ಅಘನಾಶಿನಿಗೆ ಹೆಚ್ಚು ಉಪಯೋಗ. ಒಂದು ತೂಬಿನ ಹಲಗೆ ಬದಲಾಯಿಸಲು ಬೇಕಾಗುವ ಹಣ ಬಹಳ ಸಣ್ಣದು. ಆ ಸಣ್ಣ ಹಣ ಮೇ ತಿಂಗಳೊಳಗೆ ಕೈಗೆ ಸಿಗಬೇಕು. ಆಗಸ್ಟ್‌ನಲ್ಲಿ ಬಂದರೆ ಆ ವರ್ಷಕ್ಕೆ ಅದರಿಂದ ಏನೂ ಆಗುವುದಿಲ್ಲ.

ಮೊದಲ ಮಳೆ ಬಿದ್ದು ಉಪ್ಪು ತೊಳೆದ ಮೇಲೆ ಮಾಣಿಕಟ್ಟಾದಲ್ಲಿ ಬೀಜ ನೆನೆಹಾಕುತ್ತಾರೆ. ಕಗ್ಗವನ್ನು ಮೂಟೆ ಕಟ್ಟಿ ವರ್ಷಗಟ್ಟಲೆ ಇಡಲಾಗುವುದಿಲ್ಲ. ಹಳತಾದರೆ ಮೊಳಕೆ ಬರುವುದಿಲ್ಲ. ಹಾಗಾಗಿ ಬೆಲೆ ಇರಲಿ ಬಿಡಲಿ, ಹಕ್ಕಿ ತಿನ್ನಲಿ ಬಿಡಲಿ, ಒಂದಷ್ಟು ಗದ್ದೆಗಾದರೂ ಪ್ರತಿವರ್ಷ ಬಿತ್ತುತ್ತಲೇ ಇರಬೇಕು.